ಒಂಬತ್ತು ಕಂಬದ ಗ್ಯಾಲರಿ

ನಮ್ಮ ಕ್ಲಬ್ಬಿನ ಚರಿತ್ರೆಯ ಪುಸ್ತಕ ನಿಮ್ಮ ಕೈಗೆ ಸಿಕ್ಕರೆ ನಲವತ್ತೊಂದನೇ ಪುಟ ಹುಡುಕಬೇಡಿ, ಅದು ಇರುವುದಿಲ್ಲ. ಸೆಕ್ರೆಟರಿ ಮೇಜಿನ ಮೇಲೆ ಇನ್ನೂರು ಪ್ರತಿ ಪೇರಿಸಿಕೊಂಡು, ಬ್ಲೇಡು ಹಿಡಿದು, ಒಂದೊಂದರಿಂದಲೂ ಆ ಹಾಳೆ ಕತ್ತರಿಸಿ ತೆಗೆದ. ಹಾಳೆಯ ಹಿಂಬದಿಯಲ್ಲಿದ್ದ ಹಳೇ ಗೋಲ್‌ಕೀಪರುಗಳ ಪಟ್ಟಿಯೂ ಅದರ ಜೊತೆ ಹೋಯಿತು, ಪಾಪ, ಅವರೇನು ತಪ್ಪು ಮಾಡಿದ್ದರೋ. ಈಗ ಎರಡನೇ ಮುದ್ರಣಕ್ಕೆ ಆ ಪುಟ ತುಂಬಬೇಕಂತೆ. "ಸೋಪಕ್ಕ, ನೀನೇ ಹೇಳ್ಬಿಡು, ನಾನು ಬರ್ಕೋತೀನಿ" ಅಂದಿದ್ದಾನೆ. ಹೇಳುತ್ತೇನೆ. ಆದರೆ ಒಂದಕ್ಷರ ನಯಮಾಡಿ ಬರೆದನೋ, ಅವನ ಕಿವಿ ನನ್ನ ಕೈಯಲ್ಲಿರುತ್ತದೆ.

ನನ್ನ ಕೆಲಸ ಬಟ್ಟೆ ಒಗೆಯುವುದು. ಮೂವತ್ತಾರು ವರ್ಷದಿಂದ ಈ ಕ್ಲಬ್ಬಿನ ಜೆರ್ಸಿ, ಚಡ್ಡಿ, ಕಾಲುಚೀಲ ಎಲ್ಲವೂ ಕೊಳೆ ಬಿಟ್ಟಿರುವುದು ನನ್ನ ಕೈಯಲ್ಲೇ. ಯಾವನು ನಿಜವಾಗಿ ಓಡಿದ, ಯಾವನು ಬರೀ ಬಿದ್ದು ಹೊರಳಾಡಿದ ಎನ್ನುವುದು ಕೋಚ್‌ಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಹರಿದದ್ದು ಹೊಲಿಯುವುದು, ಬೆನ್ನಿಗೆ ನಂಬರು ಕೂರಿಸುವುದು, ಗೋಲಿನ ಬಲೆ ಸರಿಮಾಡುವುದು ಕೂಡ ನನ್ನದೇ. ಅದಕ್ಕೇ ನನ್ನ ಏಪ್ರನ್ನಿನ ಜೇಬಿನಲ್ಲಿ ಯಾವಾಗಲೂ ಮರದ ಹಿಡಿಯ ಒಂದು ದಬ್ಬಣ ಇರುತ್ತದೆ. ಈ ದಬ್ಬಣ ನೆನಪಿಟ್ಟುಕೊಳ್ಳಿ.

ಕ್ಲಬ್ಬು ಹುಟ್ಟಿದ್ದು ಇಟ್ಟಿಗೆ ಗೂಡಿನಲ್ಲಿ. ತೊಂಬತ್ತು ವರ್ಷದ ಹಿಂದೆ ಊರಂಚಿನ ಗೂಡಿನಲ್ಲಿ ಮಣ್ಣು ತುಳಿಯುತ್ತಿದ್ದ ಹನ್ನೊಂದು ಜನ ಸಂಜೆ ಹೊತ್ತು ಬರಿಗಾಲಲ್ಲಿ ಚೆಂಡು ಒದೆಯತೊಡಗಿದರು. ಮೊದಲ ಪಂದ್ಯಕ್ಕೆ ಬಂದ ದೊಡ್ಡ ಪಟ್ಟಣದ ತಂಡ ಇವರ ಪಾದ ನೋಡಿ 'ಮಣ್ಣುಗಾಲು' ಎಂದು ನಕ್ಕಿತು. ಇವರು ನಾಲ್ಕು ಗೋಲು ಹೊಡೆದು ಅವರನ್ನು ಸಾಗಹಾಕಿ, ಆ ಹೆಸರನ್ನೇ ಇಟ್ಟುಕೊಂಡರು. ಗೂಡಿನ ಹಳೇ ಚಪ್ಪರಗಳ ಮರ ತಂದು ಜನರೇ ಸೇರಿ ಮರದ ಗ್ಯಾಲರಿ ಕಟ್ಟಿದರು. ಇಪ್ಪತ್ತೆರಡು ಸಾಲು, ಎರಡು ಸಾವಿರ ಜನ, ಕೆಳಗೆ ಎಪ್ಪತ್ತೆರಡು ಕಂಬ.

ಆ ಗ್ಯಾಲರಿಯ ಜೊತೆ ಎರಡು ಪದ್ಧತಿ ಬೆಳೆದವು. ಒಂದು ತುಳಿತ. ತಂಡ ಮೈದಾನಕ್ಕೆ ಬಂದಾಗ, ನಮಗೆ ಕಾರ್ನರ್ ಸಿಕ್ಕಾಗ, ಇಡೀ ಗ್ಯಾಲರಿ ಎದ್ದು ಮಣ್ಣು ತುಳಿದ ಹಾಗೆ ಹಲಗೆ ತುಳಿಯುತ್ತದೆ. ಆ ಸದ್ದಿಗೆ ಎದುರಾಳಿ ಗೋಲ್‌ಕೀಪರ್ ಚೆಂಡು ಕೈಬಿಟ್ಟದ್ದು ನಾನೇ ನೋಡಿದ್ದೇನೆ. ಇನ್ನೊಂದು ಬರಿಗಾಲ ಇಳಿತ. ಮೂರನೇ ವರ್ಷ ಗೂಡಿನ ಗೋಡೆ ಕುಸಿದು ನಮ್ಮ ಗೋಲ್‌ಕೀಪರ್ ಸತ್ತಾಗ ಜನ ಚಪ್ಪಲಿ ಕೈಯಲ್ಲಿ ಹಿಡಿದು, ಸಾಲುಸಾಲಾಗಿ ಇಳಿದು, ಮೈದಾನದ ಮಧ್ಯೆ ಹೋಗಿ ನಿಂತರಂತೆ. ಅಂದಿನಿಂದ ಕ್ಲಬ್ಬಿಗೆ ದುಡಿದವರು ಸತ್ತರೆ ಆಟಕ್ಕೆ ಮೊದಲು ಹಾಗೆ ಇಳಿಯುತ್ತಾರೆ. ಡ್ರಮ್ಮಿನ ಒಂದು ಪೆಟ್ಟಿಗೆ ಒಂದು ಸಾಲು, ಕೆಳಗಿನ ಸಾಲು ಮೊದಲು. ಬಾರಿಸುವವನಿಗೆ ನಾವೆಲ್ಲ ಡ್ರಮ್ಮು ಮಾಮ ಎನ್ನುತ್ತೇವೆ. ಮಾತಾಡುವಂತಿಲ್ಲ, ಓಡುವಂತಿಲ್ಲ. ಸತ್ತವರ ಮನೆಯವರು ಮೇಲಿನ ಸಾಲಿನಲ್ಲಿ ಕೂತಿದ್ದು ಕಟ್ಟಕಡೆಗೆ ಇಳಿಯಬೇಕು.

ನಮ್ಮ ಮನೆಯವರು ಈ ಕ್ಲಬ್ಬಿನ ಬಡಗಿ. ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಒಳ್ಳೇ ಕೈ, ಸ್ವಲ್ಪ ಮೆತ್ತನೆ ಬಾಯಿ. ಯಾರು ಏನು ಹೇಳಿದರೂ 'ಆಯ್ತು ಬಿಡಿ' ಎನ್ನುವ ಮನುಷ್ಯ. ಆ 'ಆಯ್ತು ಬಿಡಿ'ಯಿಂದಲೇ ಎಲ್ಲ ಆದದ್ದು.

ಗ್ಯಾಲರಿ ಗಟ್ಟಿಯಾಗಿದೆ ಎಂದು ಪ್ರತಿ ವರ್ಷ ಸರಕಾರದ ಎಂಜಿನಿಯರ್ ಬಂದು ಬರೆದುಕೊಡಬೇಕು. ಯಾವ ಕಾಲದಲ್ಲೋ ಒಬ್ಬ ಎಂಜಿನಿಯರ್ ಅಲ್ಲೊಂದು ಇಲ್ಲೊಂದು ಅಂತ ಒಂಬತ್ತು ಕಂಬ ಆರಿಸಿ, ಅವಕ್ಕೆ ಬಿಳಿ ಬಣ್ಣದಲ್ಲಿ ನಂಬರು ಹಾಕಿ, ಸುತ್ತಿಗೆಯಿಂದ ಬಡಿದು ನೋಡಿದ್ದ. ಮುಂದಿನವನ ಫಾರಮ್ಮಿನಲ್ಲಿ ಆ ಒಂಬತ್ತೇ ನಂಬರು, ಒಂಬತ್ತೇ ಗೆರೆ. ಅವನೂ ಅವನ್ನೇ ಬಡಿದ. ಆಮೇಲೆ ಬಂದವರೆಲ್ಲ ಅವನ್ನೇ ಬಡಿದರು. ಹದಿನೆಂಟು ವರ್ಷದ ಹಿಂದೆ ಕಂಬಗಳಿಗೆ ಗೆದ್ದಲು ಹಿಡಿಯಿತು. ತರಿಸಿದ ಹೊಸ ಮರ ಒಂಬತ್ತು ಕಂಬಕ್ಕೆ ಮಾತ್ರ ಆಗುವಷ್ಟಿತ್ತು. "ಮೇಸ್ತ್ರಿ, ಸದ್ಯಕ್ಕೆ ನಂಬರಿನ ಕಂಬ ಬದಲಾಯಿಸಿ, ಉಳಿದದ್ದು ಮುಂದಿನ ವರ್ಷ" ಎಂದರು ಆಗಿನ ಸೆಕ್ರೆಟರಿ. ಇವರು 'ಆಯ್ತು ಬಿಡಿ' ಎಂದರು. ಮುಂದಿನ ವರ್ಷ ಬರಲೇ ಇಲ್ಲ. ಉಳಿದ ಅರವತ್ತಮೂರು ಕಂಬಕ್ಕೆ ವರ್ಷ ವರ್ಷ ನೀಲಿ ಬಣ್ಣ ಬಳಿದರು, ಅಷ್ಟೇ.

ನನಗೆ ಇದೆಲ್ಲ ಗೊತ್ತಿತ್ತು. ಸುಳ್ಳು ಯಾಕೆ ಹೇಳಲಿ? ಹೊಸ ಕಂಬ ನಿಲ್ಲಿಸುವಾಗ ದಾರದ ತುದಿ ಹಿಡಿದು ನಿಂತವಳು ನಾನೇ. "ಉಳಿದವು ಹೇಗ್ರೀ?" ಅಂತ ಒಂದೆರಡು ಸಲ ಕೇಳಿದ್ದೆ. "ನಾಲ್ಕು ನೂರು ಜನಕ್ಕೆ ಏನೂ ಆಗಲ್ಲ ಬಿಡೇ" ಎಂದಿದ್ದರು. ಅದೂ ನಿಜವೇ. ಅಷ್ಟರಲ್ಲಿ ಇಟ್ಟಿಗೆ ಗೂಡು ಮುಚ್ಚಿತ್ತು, ತಂಡ ಕೆಳಗಿನ ದರ್ಜೆಗೆ ಇಳಿದಿತ್ತು, ಜನ ಅಲ್ಲಲ್ಲಿ ಚದುರಿ ಕೂರುತ್ತಿದ್ದರು. ತುಳಿತ ಎಂದರೆ ನಾಲ್ಕು ಮುದುಕರು ಕಾಲು ಕುಟ್ಟುವುದು. ಇವರು ತೀರಿಹೋಗಿ ನಾಲ್ಕು ವರ್ಷವಾಯಿತು. ಆಗ ಆಟಕ್ಕೆ ರಜೆ, ರಜೆ ಮುಗಿದ ಮೇಲೂ ಗ್ಯಾಲರಿಯಲ್ಲಿ ನೂರೆಂಬತ್ತು ಜನ. ಇವರಿಗೆ ಇಳಿತ ಮಾಡಲು ಸಾಲುಗಳೇ ತುಂಬಲಿಲ್ಲ, ಮಾಡಲೂ ಇಲ್ಲ. ನನಗೆ ಆಗ ತುಂಬ ನೋವಾಗಿತ್ತು.

ಹೋದ ವರ್ಷ ಏನಾಯಿತೋ, ಹೊಸ ಕೋಚ್ ಬಂದ, ತಂಡಕ್ಕೆ ಜೀವ ಬಂತು. ಕೊನೆಯ ಪಂದ್ಯಕ್ಕೆ ಬಂದು ನಿಂತೆವು. ಗೆದ್ದರೆ ವೃತ್ತಿಪರ ಲೀಗಿನಲ್ಲಿ ಉಳಿಯುತ್ತೇವೆ, ಸೋತರೆ ಸಂಬಳದ ಆಟವೇ ಮುಗಿಯಿತು, ಭಾನುವಾರದ ಹವ್ಯಾಸಿ ತಂಡ. ಎರಡು ಸಾವಿರ ಟಿಕೆಟ್ಟೂ ಖಾಲಿ. ಅದೇ ದಿನ ಚರಿತ್ರೆಯ ಪುಸ್ತಕ ಬಿಡುಗಡೆ, ಅದೇ ದಿನ ಗ್ಯಾಲರಿಗೆ ನಮ್ಮ ಮನೆಯವರ ಹೆಸರು. ಪುಸ್ತಕದ ನಲವತ್ತೊಂದನೇ ಪುಟದಲ್ಲಿ ಅವರ ಫೋಟೋ, ಕೆಳಗೆ 'ಈ ಗ್ಯಾಲರಿಯನ್ನು ಮೂವತ್ತು ವರ್ಷ ಹೊತ್ತ ಕೈಗಳು' ಎಂದು. ಓದಿ ನಾನು ಅತ್ತಿದ್ದೆ. ನನ್ನ ತಲೆಗೆ ಏನು ಬಡಿದಿತ್ತೋ, ಕಂಬದ ನೆನಪೇ ಬರಲಿಲ್ಲ.

ನೆನಪು ಬಂದದ್ದು ಪಂದ್ಯದ ದಿನ, ಹನ್ನೆರಡು ಗಂಟೆಯ ಹೊತ್ತಿಗೆ. ನಾನು ಬಟ್ಟೆ ಒಣಹಾಕುವುದು ಗ್ಯಾಲರಿಯ ಕೆಳಗೇ, ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ. ಯಾವಾಗಲೂ ನಂಬರಿನ ಕಂಬಗಳಿಗೇ ಕಟ್ಟುತ್ತೇನೆ, ಅಲ್ಲಿ ಮೊಳೆ ನಿಲ್ಲುತ್ತದೆ. ಅಂದು ಎರಡು ಜೊತೆ ಜೆರ್ಸಿ ಒಟ್ಟಿಗೆ ಒಗೆದಿದ್ದರಿಂದ ಜಾಗ ಸಾಲದೆ ಪಕ್ಕದ ನೀಲಿ ಕಂಬಕ್ಕೊಂದು ಮೊಳೆ ಹೊಡೆದೆ. ಸುತ್ತಿಗೆಯ ಎರಡೇ ಪೆಟ್ಟಿಗೆ ಪೂರ್ತಿ ಒಳಗೆ ಹೋಯಿತು. ಹಗ್ಗ ಕಟ್ಟಿ ಒದ್ದೆ ಜೆರ್ಸಿ ಹಾಕಿದೆ. ಮೊಳೆ ಕಿತ್ತು ಬಂತು, ಹನ್ನೊಂದು ಜೆರ್ಸಿ ನೆಲಕ್ಕೆ. ಮೊಳೆಯ ತೂತಿನಿಂದ ಕಂದು ಪುಡಿ ಸಣ್ಣಗೆ ಸುರಿಯತೊಡಗಿತು. ನಾನು ನೋಡುತ್ತಾ ನಿಂತೆ. ಅದು ನಿಲ್ಲಲೇ ಇಲ್ಲ.

ಜೇಬಿನಿಂದ ದಬ್ಬಣ ತೆಗೆದು ಕಂಬಕ್ಕೆ ಒತ್ತಿದೆ. ಹಿಡಿಯವರೆಗೂ ಹೋಯಿತು. ಮುಂದಿನ ಕಂಬ, ಅದರಲ್ಲೂ ಹೋಯಿತು. ಅದರಾಚೆಯದು ಬಣ್ಣದ ಸಿಪ್ಪೆ ಬಿಟ್ಟರೆ ಒಳಗೆ ಟೊಳ್ಳು. ಇಪ್ಪತ್ತಾರು ಕಂಬ ಚುಚ್ಚಿದೆ. ಮೇಲೆ ಯಾರೋ ಹಲಗೆ ಗುಡಿಸುತ್ತಿದ್ದರು. ಒಬ್ಬನೇ ಮನುಷ್ಯ ನಡೆದರೂ ಕಂಬದ ತಲೆಯಿಂದ ಪುಡಿ ಉದುರುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಇದೇ ಹಲಗೆಯ ಮೇಲೆ ಎರಡು ಸಾವಿರ ಜನ ಎದ್ದು ನಿಂತು ತುಳಿಯುತ್ತಾರೆ. ಅಷ್ಟು ಯೋಚನೆ ಬಂದದ್ದೇ ಬಿದ್ದ ಜೆರ್ಸಿಗಳ ಮೇಲೆಯೇ ಕುಕ್ಕರಿಸಿದೆ.

ಮೊದಲು ನೆನಪಾದದ್ದು ಯಾರು ಗೊತ್ತೇ? ಎರಡು ಸಾವಿರ ಜನ ಅಲ್ಲ. ನನ್ನ ಮಗಳು. ಸನ್ಮಾನ ನಮ್ಮ ಮನೆಗೆ, ಆದ್ದರಿಂದ ಅವಳಿಗೂ ಮೊಮ್ಮಗಳಿಗೂ ಮೇಲಿನ ಸಾಲಿನಲ್ಲಿ ನಟ್ಟನಡುವೆ ಜಾಗ. ಒಂದು ಗಂಟೆಗೆಲ್ಲ ಇಬ್ಬರೂ ಬಂದರು. ಮಗಳು ಹೊಸ ಬಟ್ಟೆ ಹಾಕಿದ್ದಳು, ನಾಲ್ಕು ವರ್ಷದ ಮಗುವಿಗೂ ನೀಲಿ ರಿಬ್ಬನ್ನು.

"ಮೇಲೆ ಕೂರೋದು ಬೇಡ ಕಣೇ. ಮಗುಗೆ ಬಿಸಿಲು ಬಡಿಯತ್ತೆ. ನನ್ನ ಜೊತೆ ಬಟ್ಟೆ ರೂಮಲ್ಲಿ ಕೂತ್ಕೋ, ಕಿಟಕಿಯಿಂದ ಚೆನ್ನಾಗಿ ಕಾಣತ್ತೆ" ಎಂದೆ.

"ಮೇಲೆ ಚಾವಣಿ ಇದೆಯಲ್ಲಮ್ಮ."

"ಹಾಗಾದ್ರೆ ಎದುರುಗಡೆ ಬಯಲಲ್ಲಿ ನಿಂತ್ಕೋ."

"ನಿಂಗೇನಾಗಿದೆ ಇವತ್ತು? ಅಪ್ಪನ ಹೆಸರಿಡೋ ದಿನ ನಾನು ಬಯಲಲ್ಲಿ ನಿಂತ್ಕೋಬೇಕಾ?" ಎಂದು ಮಗಳು ನಕ್ಕಳು. "ಸತ್ತಾಗ ಒಂದು ಇಳಿತಾನೂ ಮಾಡ್ಲಿಲ್ಲ ಇವ್ರು. ಇವತ್ತಾದ್ರೂ ಎಲ್ಲರ ತಲೆ ಮೇಲೆ ಕೂರ್ತೀನಿ ನೋಡು."

ಕಾರಣ ಹೇಳಲು ಬಾಯಿ ತೆರೆದೆ. ಅಪ್ಪ ಎಂದರೆ ಜೀವ ಬಿಡುವ ಹುಡುಗಿ. ಮಗುವಿನ ರಿಬ್ಬನ್ನು ಬಿಗಿದು ಕಟ್ಟಿ ಬಿಟ್ಟೆ. ಅವಳು ಮಗುವನ್ನು ಸೊಂಟಕ್ಕೇರಿಸಿಕೊಂಡು ಮೆಟ್ಟಿಲು ಹತ್ತಿದಳು.

ಸೀದಾ ಸೆಕ್ರೆಟರಿಯ ಕೋಣೆಗೆ ಹೋದೆ. ಇವನು ಜೂನಿಯರ್ ತಂಡದಲ್ಲಿದ್ದಾಗ ಇವನ ಮೂಗು ಒರೆಸಿದವಳು ನಾನು, ಏಕವಚನವೇ. ಬಾಗಿಲು ಹಾಕಿ ಎಲ್ಲ ಹೇಳಿದೆ. ಅವನು ಪುಸ್ತಕಗಳ ರಾಶಿಯ ಹಿಂದೆ ಕೂತು ಕೇಳಿದ. ಮುಖ ಸುಣ್ಣವಾಯಿತು.

"ಅಕ್ಕ, ಹೋದ ತಿಂಗಳು ತಾನೇ ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಒಂಬತ್ತೂ ಗಟ್ಟಿ ಇದೆ ಅಂತ."

"ಒಂಬತ್ತು ಗಟ್ಟಿ ಇದೆ ಕಣೋ. ಅದೇ ನಾನು ಹೇಳ್ತಿರೋದು. ಒಂಬತ್ತೇ ಗಟ್ಟಿ ಇರೋದು."

"ಇವತ್ತೊಂದು ದಿನ ತಡ್ಕೋಬಹುದಲ್ವಾ? ಇಷ್ಟು ವರ್ಷ ತಡ್ಕೊಂಡಿದೆ."

"ಇಷ್ಟು ವರ್ಷ ಯಾರು ಬಂದಿದ್ರು? ನಿಮ್ಮಪ್ಪ, ನಿಮ್ಮ ಚಿಕ್ಕಪ್ಪ, ಆ ಡ್ರಮ್ಮು ಮಾಮ!"

ಅವನು ಎದ್ದು ಕಿಟಕಿಯ ಹತ್ತಿರ ಹೋದ. ಗ್ಯಾಲರಿ ಅರ್ಧ ತುಂಬಿತ್ತು, ಮೆಟ್ಟಿಲಿನಲ್ಲಿ ಇನ್ನೂ ಜನ.

"ಈಗೇನು ಮಾಡೋದು ಹೇಳು. ಮೈಕಲ್ಲಿ 'ಗ್ಯಾಲರಿ ಬೀಳತ್ತೆ' ಅಂದ್ರೆ ಎರಡು ಸಾವಿರ ಜನ ಒಟ್ಟಿಗೆ ಎದ್ದು ಓಡ್ತಾರೆ. ಆಗಲೇ ಬೀಳತ್ತೆ ಅಕ್ಕ. ಸುಮ್ನಿದ್ರೆ... ಸುಮ್ನಿದ್ರೆ ನಿಂತ್ರೂ ನಿಲ್ಲಬಹುದು."

ಹೇಡಿ ಎಂದು ಬೈದೆ. ಆದರೆ ಅವನು ಹೇಳಿದ ಮೊದಲ ಮಾತು ಸರಿಯಾಗಿತ್ತು, ಅದೇ ನನ್ನನ್ನು ಕೊಂದದ್ದು. ಹೇಳಿದರೂ ಬೀಳುತ್ತದೆ, ಹೇಳದಿದ್ದರೂ ಬೀಳುತ್ತದೆ. ಹೊರಗೆ ಬಂದು ಮತ್ತೆ ಗ್ಯಾಲರಿಯ ಕೆಳಗೆ ನುಗ್ಗಿದೆ. ಯಾಕೆ ಹೋದೆನೋ ಗೊತ್ತಿಲ್ಲ, ಕೈಯಲ್ಲಿ ಹಿಡಿದು ನಿಲ್ಲಿಸುತ್ತೇನೆ ಅಂದುಕೊಂಡೆನೋ ಏನೋ. ಮೇಲೆ ಜನ ಹುರುಪಿನಲ್ಲಿ ಸುಮ್ಮನೆ ಒಂದು ಸುತ್ತು ತುಳಿದರು, ಅಷ್ಟೂ ಜನ ಇಲ್ಲ, ಮಧ್ಯದ ನಾಲ್ಕೈದು ಸಾಲು ಮಾತ್ರ. ಪುಡಿ ನನ್ನ ತಲೆಯ ಮೇಲೆ, ಹೆಗಲ ಮೇಲೆ, ಒಣಹಾಕಿದ ಕಾಲುಚೀಲಗಳ ಮೇಲೆ ಸುರಿಯಿತು. ನನ್ನ ಎದುರಿಗಿದ್ದ ಕಂಬ ನಡುವಿನಲ್ಲಿ ಬೆರಳಗಲ ಬಾಗಿತು. ತುಳಿತ ನಿಂತ ಮೇಲೆ ಅದು ವಾಪಸ್ ನೆಟ್ಟಗಾಗಲಿಲ್ಲ. ಗಡಿಯಾರ ನೋಡಿದೆ. ಇನ್ನು ಇಪ್ಪತ್ತೈದು ನಿಮಿಷಕ್ಕೆ ತಂಡ ಮೈದಾನಕ್ಕೆ ಬರುತ್ತದೆ.

ಮೇಲೆ ಡ್ರಮ್ಮು ಮಾಮ ಡ್ರಮ್ಮಿನ ಚರ್ಮ ಪರೀಕ್ಷಿಸಲು ಮೆಲ್ಲಗೆ ಒಂದು ಪೆಟ್ಟು ಹೊಡೆದ. ಒಂದೇ ಪೆಟ್ಟು. ಅಷ್ಟು ಕೇಳಿದ್ದೇ ನನಗೆ ಮೈ ಜುಂ ಎಂದಿತು. ಓಡದೆ, ಕುಣಿಯದೆ, ಮಾತಾಡದೆ ಈ ಜನ ಈ ಗ್ಯಾಲರಿಯಿಂದ ಇಳಿಯುವುದು ಒಂದೇ ಒಂದು ಕಾರಣಕ್ಕೆ. ಹಾಗೆ ಇಳಿದರೆ ನನ್ನ ಮಗಳು ಕಟ್ಟಕಡೆಗೆ ಇಳಿಯಬೇಕು, ಅದೂ ಹೊಳೆಯಿತು. ಎರಡೂ ಒಟ್ಟಿಗೇ ಹೊಳೆದವು.

ಹೆಸರಿಡುವ ಕಾರ್ಯಕ್ರಮ ಶುರುವಾಯಿತು. ಸೆಕ್ರೆಟರಿ ಮೈದಾನದ ಅಂಚಿನಲ್ಲಿ ಮೈಕು ಹಿಡಿದು ಅಲ್ಲೊಂದು ಇಲ್ಲೊಂದು ಮಾತಾಡಿ, "ಈಗ ನಮ್ಮ ಸೋಪಕ್ಕ ಎರಡು ಮಾತು" ಎಂದ. ನನ್ನ ಕಡೆ ನೋಡಲಿಲ್ಲ. ಗ್ಯಾಲರಿ ಶಿಳ್ಳೆ ಹೊಡೆಯಿತು. ಯಾವನೋ "ಸೋಪಕ್ಕ, ನಮ್ಮ ಗೋಲ್‌ಕೀಪರ್ ಚಡ್ಡಿ ತೊಳ್ದಾಯ್ತಾ?" ಎಂದು ಕೂಗಿದ. ಬೇರೆ ದಿನವಾಗಿದ್ದರೆ ಅವನ ಜನ್ಮ ಜಾಲಾಡುತ್ತಿದ್ದೆ.

"ನಮ್ಮ ಮನೆಯವರು ಸತ್ತಾಗ ನೀವು ಯಾರೂ ಇಳೀಲಿಲ್ಲ" ಎಂದೆ.

ನಗು ನಿಂತಿತು.

"ನಾಲ್ಕು ವರ್ಷ ನಾನು ಬಾಯ್ಬಿಟ್ಟು ಕೇಳಿಲ್ಲ. ಇವತ್ತು ಕೇಳ್ತಿದೀನಿ. ಈ ಹಲಗೆ ಮೇಲೆ ಅವರ ಹೆಸರು ಬೇಡ. ನಂಗೆ ಇಳಿತ ಬೇಕು. ಈಗಲೇ, ಆಟಕ್ಕೆ ಮುಂಚೆ. ನಿಧಾನಕ್ಕೆ, ಚಪ್ಪಲಿ ಕೈಯಲ್ಲಿ ಹಿಡ್ಕೊಂಡು, ಒಬ್ಬರೂ ಓಡಬಾರದು. ಮಾಮ, ಹೊಡಿ."

ಡ್ರಮ್ಮು ಮಾಮ ಎದ್ದು, ಟೋಪಿ ತೆಗೆದು, ಒಂದು ಪೆಟ್ಟು ಹೊಡೆದ. ಮೊದಲ ಸಾಲು ಬಗ್ಗಿ ಬೂಟು ಬಿಚ್ಚತೊಡಗಿತು.

ಎಷ್ಟು ನಿಧಾನ ಅಂತೀರಿ! ಲೇಸು ಬಿಚ್ಚುವವರು, ಒಬ್ಬರ ಕೈ ಒಬ್ಬರು ಹಿಡಿಯುವವರು, ಮುದುಕರು, ಮಂಡಿ ನೋವಿನವರು. ನಾನೇ ನಿಧಾನ ಎಂದದ್ದು, ನಾನೇ ಒಳಗೊಳಗೆ 'ಬೇಗ ಬೇಗ' ಎಂದು ಬಡಕೊಳ್ಳುತ್ತಿದ್ದೆ. ನಾಲ್ಕು ಸಾಲು. ಏಳು ಸಾಲು. ಇಳಿದವರು ಮೈದಾನದ ಮಧ್ಯೆ ಹೋಗಿ ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಸೆಕ್ರೆಟರಿಗೆ ಈಗ ಅರ್ಥವಾಗಿತ್ತು. ಅವನು ನನ್ನ ಪಕ್ಕ ಬಂದು ನಿಂತು, ತುಟಿ ಮಾತ್ರ ಅಲ್ಲಾಡಿಸುತ್ತಾ ಸಾಲು ಎಣಿಸತೊಡಗಿದ. ಮೇಲೆ ನನ್ನ ಮಗಳು ನೆಟ್ಟಗೆ ಕೂತಿದ್ದಳು, ಕಣ್ಣೀರು ಒರೆಸುತ್ತಿದ್ದಳು, ಮಗು ಅವಳ ತೊಡೆಯ ಮೇಲೆ ನಿಂತು ಕುಣಿಯುತ್ತಿತ್ತು. ಕೂರಿಸೇ, ಮಗೂನ ಕೂರಿಸೇ, ಎಂದು ನಾನು ಮನಸ್ಸಿನಲ್ಲೇ ಕಿರುಚಿದೆ.

ಹದಿಮೂರನೇ ಸಾಲಿನಲ್ಲಿ ಯಾರದೋ ಬೂಟು ಕೈಜಾರಿ ಹಲಗೆಯ ಸಂದಿನಿಂದ ಕೆಳಗೆ ಬಿತ್ತು. ಒಬ್ಬಿಬ್ಬರು ನಕ್ಕರು. ಹದಿನೇಳನೇ ಸಾಲು ಇಳಿಯುವಾಗ ಕೆಳಗಿನಿಂದ ಸದ್ದು ಬಂತು. ಒಣ ಸೌದೆ ಮುರಿದ ಸದ್ದು, ದೊಡ್ಡದು. ಎಲ್ಲರೂ ನಿಂತಲ್ಲೇ ನಿಂತರು. ಮೇಲಿನ ಐದು ಸಾಲು ಒಂದು ಕಡೆಗೆ ಅಂಗೈಯಗಲ ಕುಸಿದದ್ದು ನನ್ನ ಕಣ್ಣಿಗೆ ಕಾಣಿಸಿತು. ಮಾಮನ ಕೋಲು ಗಾಳಿಯಲ್ಲೇ ನಿಂತಿತು. ಯಾರಾದರೂ ಒಬ್ಬರು ಕೂಗಿದ್ದರೆ ಸಾಕಿತ್ತು.

"ಹಳೇ ಮರ, ಮಾತಾಡತ್ತೆ" ಎಂದೆ ಮೈಕಿನಲ್ಲಿ. ನನ್ನ ದನಿ ನನಗೇ ಬೇರೆ ಯಾರದೋ ಅನಿಸಿತು. "ನಿಲ್ಲಬೇಡಿ. ಮಾಮ, ಹೊಡಿ."

ಮಾಮ ಹೊಡೆದ. ಹದಿನೆಂಟು. ಹತ್ತೊಂಬತ್ತು. ಇಪ್ಪತ್ತು. ಇಪ್ಪತ್ತೊಂದನೇ ಸಾಲು ಇಳಿಯಲು ಒಂದು ಯುಗ ಹಿಡಿಯಿತು. ಮೇಲಿನ ಸಾಲಿನ ಉಳಿದವರೂ ಡ್ರಮ್ಮು ಹೊತ್ತ ಮಾಮನೂ ಇಳಿದ ಮೇಲೆ ಇಡೀ ಗ್ಯಾಲರಿಯಲ್ಲಿ ನನ್ನ ಮಗಳು, ಮೊಮ್ಮಗಳು ಇಬ್ಬರೇ. ಅವಳು ಮಗುವನ್ನೆತ್ತಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಎಲ್ಲರೂ ನೋಡುತ್ತಿದ್ದಾರೆ ಎಂದು ಇನ್ನೂ ನಿಧಾನವಾಗಿ, ಗಂಭೀರವಾಗಿ ಇಳಿದಳು. ನಾನು ಅವಳ ಪಾದಗಳನ್ನೇ ನೋಡುತ್ತಿದ್ದೆ. ಇಪ್ಪತ್ತೆರಡು ಮೆಟ್ಟಿಲು. ನನ್ನ ಹೆರಿಗೆ ಕೂಡ ಅಷ್ಟು ಹೊತ್ತು ಹಿಡಿದಿರಲಿಲ್ಲ.

ಪಾದ ಹುಲ್ಲಿಗೆ ತಾಗಿದ್ದೇ ಅವಳು ಬಂದು ನನ್ನನ್ನು ತಬ್ಬಿಕೊಂಡಳು. "ಅಮ್ಮಾ, ನೋಡ್ದ್ಯಾ? ಅಪ್ಪಂಗೆ ಎಷ್ಟು ಮರ್ಯಾದೆ ನೋಡ್ದ್ಯಾ?"

ಅಲ್ಲಿಗೇ ಬಿಡಬಹುದಿತ್ತು. ಏನೋ ನೆಪ ಹೇಳಿ ಗ್ಯಾಲರಿ ಮುಚ್ಚಿಸಬಹುದಿತ್ತು. ಆದರೆ ಜನ ಆಗಲೇ ಬೂಟು ಹಾಕಿಕೊಂಡು ಮೆಟ್ಟಿಲ ಕಡೆ ತಿರುಗುತ್ತಿದ್ದರು, ಮೂರು ಗಂಟೆಗೆ ನಾಲ್ಕೇ ನಿಮಿಷ. ಇವರನ್ನು ತಡೆಯುವ ನೆಪ ಈ ಭೂಮಿಯ ಮೇಲೆ ಯಾವುದಿದೆ? ನಾನು ಮಗಳ ಕೈ ಬಿಡಿಸಿಕೊಂಡೆ. ಮೈಕು ಎತ್ತಿದೆ.

"ಯಾರೂ ವಾಪಸ್ ಹತ್ತಬೇಡಿ. ಇದರ ಕಂಬ ಎಲ್ಲ ಗೆದ್ದಲು ತಿಂದಿದೆ. ನಂಬರು ಹಾಕಿರೋ ಒಂಬತ್ತು ಬಿಟ್ಟು ಒಂದೂ ಗಟ್ಟಿ ಇಲ್ಲ. ನಮ್ಮ ಮನೆಯವರಿಗೆ ಗೊತ್ತಿತ್ತು. ನಂಗೂ ಗೊತ್ತಿತ್ತು."

ನಂಬಲಿಲ್ಲ. ಬೈದರು. "ಸೋಪಕ್ಕಂಗೆ ತಲೆ ಕೆಟ್ಟಿದೆ" ಎಂದರು. ನಾನು ಗ್ಯಾಲರಿಯ ಮುಂಭಾಗದ ನೀಲಿ ಕಂಬಕ್ಕೆ ಹೋಗಿ, ದಬ್ಬಣ ತೆಗೆದು, ಎಲ್ಲರ ಎದುರಿಗೆ ಹಿಡಿಯವರೆಗೂ ಚುಚ್ಚಿ ಬಿಟ್ಟೆ. ಡ್ರಮ್ಮು ಮಾಮ ಬಂದು ಅದನ್ನು ಕಿತ್ತು, ತೂತಿನಿಂದ ಉದುರಿದ ಪುಡಿಯನ್ನು ಅಂಗೈಯಲ್ಲಿ ಹಿಡಿದು ನೋಡಿದ. ಮೂವತ್ತು ವರ್ಷ ಆ ಹಲಗೆಯ ಮೇಲೆ ಡ್ರಮ್ಮು ಬಾರಿಸಿದ ಮನುಷ್ಯ. ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟ.

ಮಗಳು ಚಪ್ಪಲಿ ಹಾಕಿಕೊಂಡಳು. ನನ್ನ ಮುಖ ನೋಡಲಿಲ್ಲ. ಮಗುವನ್ನೆತ್ತಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಗೇಟಿನಿಂದ ಹೊರಟುಹೋದಳು.

ರೆಫರಿ ಆಟ ಆಡಿಸಲಿಲ್ಲ. ಹತ್ತು ದಿನದ ಮೇಲೆ ಬೇರೆ ಊರಿನ ಖಾಲಿ ಮೈದಾನದಲ್ಲಿ ಪಂದ್ಯ ನಡೆಯಿತು. ನಮಗೆ ಕಾರ್ನರ್ ಸಿಕ್ಕಾಗ ಸದ್ದೇ ಇಲ್ಲ. ಒಂದು ಗೋಲಿನಿಂದ ಸೋತೆವು. ಈಗ ನಾವು ಭಾನುವಾರದ ತಂಡ, ಆದರೂ ಜೆರ್ಸಿ ಒಗೆಯುವುದು ನಾನೇ. ಊರಿನಲ್ಲಿ ಅರ್ಧ ಜನ ನನ್ನ ಜೊತೆ ಮಾತು ಬಿಟ್ಟರು. ಗ್ಯಾಲರಿ ಬೀಳದೆ ನಿಂತೇ ಇತ್ತಲ್ಲ, ಅದನ್ನು ತೋರಿಸಿ ತೋರಿಸಿ ಬೈದರು. ನಾನು ಹಾದುಹೋಗುವಾಗ "ಏನು ಸೋಪಕ್ಕ, ಇನ್ನೂ ಬಿದ್ದಿಲ್ವಾ?" ಎನ್ನುತ್ತಿದ್ದರು. ಅದನ್ನೆಲ್ಲ ನುಂಗಿಕೊಂಡೆ. ಮಗಳು ಫೋನು ಎತ್ತದಿದ್ದದ್ದನ್ನು ಮಾತ್ರ ನುಂಗಲಾಗಲಿಲ್ಲ.

ಎರಡು ತಿಂಗಳ ಮೇಲೆ ಗ್ಯಾಲರಿ ಕೆಡವಲು ಬಂದರು. ವಾರದ ಕೆಲಸ ಎಂದು ಗರಗಸ, ಏಣಿ ಎಲ್ಲ ತಂದಿದ್ದರು. ನಾನು ಬಟ್ಟೆ ರೂಮಿನ ಬಾಗಿಲಲ್ಲಿ ನಿಂತಿದ್ದೆ. ತಿರುಗಿ ನೋಡಿದರೆ ಗೇಟಿನ ಹತ್ತಿರ ಮಗಳು. ಒಬ್ಬಳೇ ಬಂದಿದ್ದಳು. ಬಂದು ನನ್ನಿಂದ ಎರಡು ಮಾರು ದೂರದಲ್ಲಿ ನಿಂತಳು.

"ಬೀಳತ್ತೆ ಅಂತ ಗೊತ್ತಿದ್ದೂ ನನ್ನ, ಮಗೂನ ಕೊನೇಲಿ ಇಳಿಸ್ದೆ ನೀನು" ಎಂದಳು.

"ಹೂಂ."

"ಯಾಕಮ್ಮ?"

"ಮೊದಲು ನಿನ್ನ ಕರೆದಿದ್ರೆ ಇಳಿತ ಆಗ್ತಿರ್ಲಿಲ್ಲ. ಯಾಕೆ ಅಂತ ಎಲ್ರಿಗೂ ಗೊತ್ತಾಗ್ತಿತ್ತು. ಎಲ್ರೂ ಓಡ್ತಿದ್ರು. ನೀನು ಮೇಲೇ ಇರ್ತಿದ್ದೆ." ಇಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತು. "ಆ ಇಪ್ಪತ್ತೆರಡು ಮೆಟ್ಟಿಲು ನಾನು ದಿನಾ ಇಳೀತೀನಿ ಕಣೇ."

ಕೆಲಸದವರು ಮೂಲೆಯ ಕಂಬಕ್ಕೆ ಹಗ್ಗ ಕಟ್ಟಿ ಟ್ರಾಕ್ಟರಿಗೆ ಸಿಕ್ಕಿಸಿದರು. ಟ್ರಾಕ್ಟರು ಒಂದೇ ಒಂದು ಸಲ ಎಳೆಯಿತು. ವಾರದ ಕೆಲಸ ಉಸಿರು ಎಳೆದು ಬಿಡುವಷ್ಟರಲ್ಲಿ ಮುಗಿಯಿತು. ಚಾವಣಿ, ಹಲಗೆ, ಇಪ್ಪತ್ತೆರಡು ಸಾಲು, ಎಲ್ಲವೂ ದೊಪ್ಪನೆ ಕೂತು, ಮೈದಾನದ ಮಧ್ಯದವರೆಗೂ ಕಂದು ಧೂಳು ಎದ್ದಿತು. ಟ್ರಾಕ್ಟರಿನವನು ಹೆದರಿ ಹಾರಿ ಓಡಿದ. ಧೂಳು ಇಳಿದ ಮೇಲೆ ನೋಡಿದರೆ, ಆ ರಾಶಿಯ ನಡುವೆ ಅಲ್ಲೊಂದು ಇಲ್ಲೊಂದು ಕಂಬ ನೆಟ್ಟಗೆ ನಿಂತಿದ್ದವು. ಬಿಳಿ ನಂಬರು ದೂರಕ್ಕೂ ಕಾಣುತ್ತಿತ್ತು. ಮಗಳು ಬೆರಳು ಮಾಡಿ ಎಣಿಸಿದಳು. ಒಂಬತ್ತು.

ಅವಳು ಹತ್ತಿರ ಬಂದು, ನನ್ನ ಏಪ್ರನ್ನಿನ ಜೇಬಿಗೆ ಕೈ ಹಾಕಿ ದಬ್ಬಣ ತೆಗೆದುಕೊಂಡಳು. ಮುರಿದ ಹಲಗೆಗಳನ್ನು ದಾಟಿ ಹತ್ತಿರದ ಕಂಬಕ್ಕೆ ಹೋಗಿ, ಎರಡೂ ಕೈಯಿಂದ ಒತ್ತಿದಳು. ಮೈಭಾರ ಹಾಕಿ ಒತ್ತಿದಳು. ದಬ್ಬಣ ಕೂದಲೆಳೆಯಷ್ಟೂ ಒಳಗೆ ಹೋಗಲಿಲ್ಲ, ಬಾಗಿತು. ಅವಳು ಕಂಬಕ್ಕೆ ಹಣೆ ಆನಿಸಿ ನಿಂತಳು.

"ಅಪ್ಪಂಗೆ ಇಷ್ಟು ಚೆನ್ನಾಗಿ ಮಾಡೋಕೆ ಬರ್ತಿತ್ತಲ್ಲಮ್ಮ" ಎಂದಳು.

ನಾನು ಹೋಗಿ ಅವಳ ಬೆನ್ನ ಮೇಲೆ ಕೈ ಇಟ್ಟೆ. ಅವಳು ಸರಿಯಲಿಲ್ಲ. ಇಬ್ಬರೂ ಸಂಜೆಯವರೆಗೆ ಅಲ್ಲೇ ಇದ್ದೆವು, ಕೆಲಸದವರು ಆ ಒಂಬತ್ತು ಕಂಬ ಗರಗಸದಿಂದ ಕೊಯ್ದು ಮುಗಿಸುವವರೆಗೆ.